ಮದುವೆಯಾದ ಮಗಳ ಪಾಲು: ಕರ್ನಾಟಕದಲ್ಲಿ ಕಾನೂನು ನಡೆದುಬಂದ ದಾರಿ

ಮೊದಲು ಒಂದು ಲೆಕ್ಕ ಹಾಕೋಣ. ಪೆನ್ನು ಇದ್ದವರು ಬರೆದುಕೊಳ್ಳಿ. ಒಂದು ಮನೆ. ಅಜ್ಜನ ಕಾಲದಿಂದ ಬಂದ 12 ಎಕರೆ ಜಮೀನು. ತಾಯಿ ಮೊದಲೇ ತೀರಿಕೊಂಡಿದ್ದಾರೆ. ತಂದೆ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಇನ್ನೂ ಪಾಲಾಗಿಲ್ಲ. ಹೀಗಿರುವಾಗ ತಂದೆ ಉಯಿಲು ಬರೆಯದೆ ತೀರಿಕೊಂಡರು. ಯಾರಿಗೆ ಎಷ್ಟು ಬರುತ್ತದೆ?

ಇದಕ್ಕೆ ಒಂದೇ ಉತ್ತರ ಇಲ್ಲ. ನಮ್ಮ ರಾಜ್ಯದಲ್ಲಿ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಉತ್ತರ ಇತ್ತು. ತಂದೆ 1980ರಲ್ಲಿ ತೀರಿಕೊಂಡು, ಆಗಲೇ ಪಾಲು ಆಗಿದ್ದರೆ ಗಂಡುಮಕ್ಕಳಿಗೆ ತಲಾ 5 ಎಕರೆ, ಹೆಣ್ಣುಮಕ್ಕಳಿಗೆ ತಲಾ 1 ಎಕರೆ. ಇವತ್ತು ತೀರಿಕೊಂಡರೆ ನಾಲ್ಕೂ ಮಕ್ಕಳಿಗೆ ತಲಾ 3 ಎಕರೆ. ಒಂದರಿಂದ ಮೂರಕ್ಕೆ ಬರಲು ಎಷ್ಟು ವರ್ಷ ಬೇಕಾಯಿತು, ದಾರಿಯಲ್ಲಿ ಯಾರ್‍ಯಾರು ಹೊರಗೆ ಉಳಿದರು, ಇದೇ ಇವತ್ತಿನ ವಿಷಯ. ಇದರಲ್ಲಿ ಒಂದು ಷರತ್ತು ಮತ್ತೆ ಮತ್ತೆ ಅಡ್ಡ ಬಂದಿದೆ. ಮಗಳಿಗೆ ಮದುವೆ ಆಗಿದೆಯಾ, ಇಲ್ಲವಾ ಎನ್ನುವುದು. ಮಗನಿಗೆ ಈ ಪ್ರಶ್ನೆಯನ್ನು ಯಾವ ಕಾನೂನೂ ಕೇಳಿಲ್ಲ.

ಈ ಕಥೆ ಸಂಸತ್ತು ಕಾಯ್ದೆ ತಿದ್ದಿದ 2005ರಲ್ಲಿ ಶುರುವಾಯಿತು ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಹಳೇ ಮೈಸೂರಿನಲ್ಲಿ ಇದು 1933ಕ್ಕೇ ಶುರುವಾಗಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಮಿರ್ಜಾ ಇಸ್ಮಾಯಿಲ್ ದಿವಾನರು. ಆಗ ಮೈಸೂರು ಸಂಸ್ಥಾನ ಹಿಂದೂ ಹೆಣ್ಣುಮಕ್ಕಳ ಹಕ್ಕುಗಳ ಕಾಯ್ದೆ ಮಾಡಿತು. ಅದರ 8ನೇ ಕಲಂ ನೋಡಬೇಕು. ಕುಟುಂಬ ಪಾಲಾಗುವಾಗ ತಾಯಿಗೂ, ಗಂಡುಮಕ್ಕಳಿಲ್ಲದ ವಿಧವೆ ಸೊಸೆಗೂ ಒಂದು ಪಾಲು ಇಡಬೇಕು ಎಂದಿತು. ಮಗ ಇರುವ ತಾಯಿಗೆ ಆ ಮಗನ ಪಾಲಿನ ಅರ್ಧ. ಹೆಣ್ಣುಮಕ್ಕಳಿಗೆ ಅಣ್ಣತಮ್ಮಂದಿರ ಪಾಲಿನ ಕಾಲು ಭಾಗ. ಆದರೆ ಮದುವೆ ಆಗದ ಹೆಣ್ಣುಮಕ್ಕಳಿಗೆ ಮಾತ್ರ.

ಕಾಲು ಭಾಗ ಕಡಿಮೆಯೇ. ಒಪ್ಪುತ್ತೇನೆ. ಆದರೆ ಆ ಕಾಲವನ್ನೂ ನೋಡಿ. ಬ್ರಿಟಿಷ್ ಪ್ರಾಂತ್ಯಗಳಲ್ಲಿ ವಿಧವೆಯರ ಆಸ್ತಿ ಹಕ್ಕಿನ ಕಾಯ್ದೆ ಬಂದದ್ದು 1937ರಲ್ಲಿ. ಅದೂ ಆಸ್ತಿಯನ್ನು ಅನುಭವಿಸುವ ಸೀಮಿತ ಹಕ್ಕು. ಆ ಕಾಯ್ದೆಯಲ್ಲಿ ಮಗಳಿಗೆ ಏನೂ ಇರಲಿಲ್ಲ. ಹಾಗಾಗಿ ಅವತ್ತು ಬೆಳಗಾವಿ, ಧಾರವಾಡದ ಕಡೆಯ ಹೆಣ್ಣುಮಗಳಿಗೆ ಒಂದು ಕಾನೂನು, ಮಂಡ್ಯ, ತುಮಕೂರಿನ ಹೆಣ್ಣುಮಗಳಿಗೆ ಇನ್ನೊಂದು. ಮುಂದೆ 1956ರ ಜೂನ್ 17ಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ನವೆಂಬರ್ 1ಕ್ಕೆ ರಾಜ್ಯ ಒಂದಾಯಿತು. ನಾಡು ಒಂದಾಗುವ ನಾಲ್ಕು ತಿಂಗಳು ಮೊದಲೇ ಈ ವಿಷಯದಲ್ಲಿ ಕಾನೂನು ಒಂದಾಗಿತ್ತು.

ಕರಾವಳಿಯ ಕಡೆಯವರು ಇಲ್ಲಿದ್ದರೆ ನಗುತ್ತಿರಬಹುದು. ಅವರ ಕಥೆಯೇ ಬೇರೆ. ತುಳುನಾಡಿನಲ್ಲಿ ಬಂಟರು ಮತ್ತು ಇನ್ನೂ ಕೆಲವು ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿ ಇತ್ತು. ಆಸ್ತಿ ತಾಯಿಯ ಕಡೆಯಿಂದ ಇಳಿದುಬರುತ್ತದೆ. ಅಲ್ಲಿ ಮಗಳು ಮದುವೆಯಾದ ಮೇಲೂ ಕುಟುಂಬದವಳೇ. ಗಂಡಸಿನ ಮಕ್ಕಳು ಅವರ ತಾಯಿಯ ಕುಟುಂಬಕ್ಕೆ ಸೇರಿದವರು. ಮನೆಯ ಯಜಮಾನಿಕೆ ಹೆಚ್ಚಾಗಿ ಗಂಡಸಿನ ಕೈಯಲ್ಲೇ ಇತ್ತು, ನಿಜ. ಆದರೆ ‘ಮದುವೆ ಮಾಡಿಕೊಟ್ಟ ಮೇಲೆ ಅವಳು ಬೇರೆ ಮನೆಯವಳು, ಇದು ಅನಾದಿ ಕಾಲದ ಧರ್ಮ’ ಎಂದು ಯಾರಾದರೂ ಹೇಳಿದರೆ, ಮಂಗಳೂರಿಗೆ ಹೋಗಿ ಕೇಳಿ ಬನ್ನಿ ಎಂದು ಹೇಳಿ. ನಮ್ಮದೇ ರಾಜ್ಯದಲ್ಲಿ ಬೇರೆ ಧರ್ಮವೂ ಇತ್ತು.

ಸರಿ, 1956ಕ್ಕೆ ಬರೋಣ. ಆ ಕಾಯ್ದೆಯಲ್ಲಿ ಮಗಳಿಗೆ ಹಕ್ಕು ಇತ್ತು, ಮದುವೆಯ ಷರತ್ತೂ ಇರಲಿಲ್ಲ. ಹಾಗಾದರೆ 5 ಎಕರೆಗೆ 1 ಎಕರೆ ಹೇಗಾಯಿತು? ಇಲ್ಲಿ ಸ್ವಲ್ಪ ಗಮನ ಕೊಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಪಾಲು. ಕೋರ್ಟಿನ ಭಾಷೆಯಲ್ಲಿ ಅವನು ಕೋಪಾರ್ಸನರ್. ಮಗಳು ಅಲ್ಲ. ತಂದೆ ತೀರಿಕೊಂಡಾಗ, ಅವರು ಸಾಯುವ ಮುಂಚೆ ಒಂದು ಪಾಲು ಆಗಿತ್ತು ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮ ಉದಾಹರಣೆಯಲ್ಲಿ ತಂದೆಗೆ 4, ಇಬ್ಬರು ಗಂಡುಮಕ್ಕಳಿಗೆ 4, 4. ತಂದೆಯ ಆ 4 ಎಕರೆಯನ್ನು ಮಾತ್ರ ನಾಲ್ಕು ಮಕ್ಕಳಿಗೂ ಹಂಚಬೇಕು. ತಲಾ 1 ಎಕರೆ. ಹಾಗಾಗಿ ಗಂಡುಮಕ್ಕಳಿಗೆ 5, 5. ಹೆಣ್ಣುಮಕ್ಕಳಿಗೆ 1, 1. ‘ನಮ್ಮಪ್ಪನ ಆಸ್ತೀಲಿ ನಮಗೂ ಪಾಲಿದೆ’ ಎಂದು ಆಗಲೂ ಹೇಳಬಹುದಿತ್ತು. ಆದರೆ ಅಪ್ಪನ ಪಾಲಿನಲ್ಲಿ ಮಾತ್ರ. ಮನೆತನದ ಆಸ್ತಿಯಲ್ಲಿ ಅಲ್ಲ.

ಇನ್ನೊಂದು ವಿಷಯ ಹೆಚ್ಚು ಜನರಿಗೆ ಗೊತ್ತಿಲ್ಲ. ಆ ಕಾಯ್ದೆಯ 23ನೇ ಕಲಂ ಪ್ರಕಾರ, ಕುಟುಂಬ ವಾಸವಾಗಿರುವ ಮನೆಯನ್ನು ಪಾಲು ಮಾಡಿ ಎಂದು ಮಗಳು ಕೇಳುವಂತಿರಲಿಲ್ಲ. ಗಂಡುಮಕ್ಕಳು ಪಾಲು ಮಾಡಿಕೊಳ್ಳುವವರೆಗೆ ಕಾಯಬೇಕು. ಆ ಮನೆಯಲ್ಲಿ ಇರಲು ಅವಕಾಶ ಕೂಡ ಮದುವೆಯಾಗದವಳಿಗೆ, ವಿಧವೆಗೆ, ಗಂಡ ಬಿಟ್ಟವಳಿಗೆ, ಗಂಡನಿಂದ ದೂರವಾದವಳಿಗೆ. ಗಂಡನ ಜೊತೆ ಬಾಳುತ್ತಿರುವ ಮಗಳಿಗೆ ಇಲ್ಲ. ಅಂದರೆ ಅವಳ ಬದುಕು ಮುರಿದುಬಿದ್ದರೆ ತವರಿನ ಬಾಗಿಲು ತೆರೆಯುತ್ತದೆ, ಚೆನ್ನಾಗಿದ್ದರೆ ಮುಚ್ಚಿರುತ್ತದೆ. ಹೋದ ತಲೆಮಾರಿನ ಎಷ್ಟೋ ಹೆಣ್ಣುಮಕ್ಕಳು ಈ ನಿಯಮದ ಕೆಳಗೇ ಬಾಳಿ ಹೋದರು.

ರಾಜ್ಯಗಳು ಇದನ್ನು ಸರಿಮಾಡಲು ಹೊರಟವು. ಆಂಧ್ರ 1986ರಲ್ಲಿ, ತಮಿಳುನಾಡು 1989ರಲ್ಲಿ ತಿದ್ದುಪಡಿ ಮಾಡಿದವು. ನಮ್ಮದು 1990ರ ಹೆಸರಿನ ತಿದ್ದುಪಡಿ ಕಾಯ್ದೆ. ಕೇಂದ್ರದ ಕಾಯ್ದೆಗೆ ತಿದ್ದುಪಡಿ ಆದ್ದರಿಂದ ರಾಷ್ಟ್ರಪತಿಗಳ ಅಂಕಿತ ಬೇಕು. ಅದೆಲ್ಲ ಮುಗಿದು ಜಾರಿಗೆ ಬಂದದ್ದು 1994ರ ಜುಲೈ 30ಕ್ಕೆ. ಇದು 6ಎ ಎನ್ನುವ ಕಲಂ ಸೇರಿಸಿತು. ಮಗಳೂ ಹುಟ್ಟಿನಿಂದಲೇ ಪಾಲುದಾರಳು, ಮಗನಿಗೆ ಎಷ್ಟೋ ಅವಳಿಗೂ ಅಷ್ಟೇ ಎಂದು ಹೇಳಿತು. ದೊಡ್ಡ ಹೆಜ್ಜೆ. ಆದರೆ ಕೊನೆಯಲ್ಲಿ ಒಂದು ಸಾಲು. ಈ ಕಾಯ್ದೆ ಜಾರಿಗೆ ಬರುವ ಮುಂಚೆ ಮದುವೆಯಾದ ಮಗಳಿಗೆ ಇದು ಅನ್ವಯಿಸುವುದಿಲ್ಲ.

ಮತ್ತೆ ನಮ್ಮ 12 ಎಕರೆಗೆ ಬನ್ನಿ. ಅಕ್ಕನ ಮದುವೆ 1993ರಲ್ಲಿ ಆಯಿತು, ತಂಗಿಯದು 1995ರಲ್ಲಿ ಅಂತಿಟ್ಟುಕೊಳ್ಳಿ. ತಂದೆ 1998ರಲ್ಲಿ ಹೋದರು. ಆಗ ಲೆಕ್ಕ ಹೀಗೆ. ತಂದೆ, ಇಬ್ಬರು ಗಂಡುಮಕ್ಕಳು, ತಂಗಿ, ಈ ನಾಲ್ವರಿಗೆ ತಲಾ 3 ಎಕರೆ. ತಂದೆಯ 3 ಎಕರೆಯಲ್ಲಿ ನಾಲ್ಕು ಮಕ್ಕಳಿಗೂ ತಲಾ 30 ಗುಂಟೆ. ಒಟ್ಟು ಅಣ್ಣತಮ್ಮಂದಿರಿಗೆ ತಲಾ 3 ಎಕರೆ 30 ಗುಂಟೆ. ತಂಗಿಗೂ 3 ಎಕರೆ 30 ಗುಂಟೆ. ಅಕ್ಕನಿಗೆ? ಬರೀ 30 ಗುಂಟೆ. ಒಂದೇ ತಾಯಿಯ ಮಕ್ಕಳು, ಒಂದೇ ಮನೆಯಲ್ಲಿ ಬೆಳೆದವರು. ಎರಡು ವರ್ಷ ಮುಂಚೆ ಮದುವೆಯಾದದ್ದಕ್ಕೆ 3 ಎಕರೆ ಹೋಯಿತು. ಹಿಂದಿನ ಕಾನೂನಿನಲ್ಲಾದರೆ ಅವಳಿಗೆ 1 ಎಕರೆಯಾದರೂ ಬರುತ್ತಿತ್ತು. ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ಕಾಯ್ದೆ ಬಂದು ಅಕ್ಕನ ಪಾಲನ್ನು 40 ಗುಂಟೆಯಿಂದ 30 ಗುಂಟೆಗೆ ಇಳಿಸಿತು!

ಕಾಯ್ದೆಯ ಹೆಸರಿನಲ್ಲೇ 1990 ಇದೆ, ಜಾರಿ 1994ಕ್ಕೆ. ಈ ನಡುವಿನ ನಾಲ್ಕು ವರ್ಷದಲ್ಲಿ ರಾಜ್ಯದಲ್ಲಿ ಎಷ್ಟು ಮದುವೆ ಆಗಿರಬೇಕು, ನೀವೇ ಯೋಚನೆ ಮಾಡಿ. ಆ ಹೆಣ್ಣುಮಕ್ಕಳಿಗೆ ಇಂಥದ್ದೊಂದು ಕಾಗದ ದೆಹಲಿಗೆ ಹೋಗಿದೆ ಎನ್ನುವುದು ಕೂಡ ಗೊತ್ತಿರಲಿಲ್ಲ.

ಯಾಕೆ ಈ ಷರತ್ತು ಹಾಕಿದರು? ಮದುವೆಯಲ್ಲಿ ಬಂಗಾರ, ವರದಕ್ಷಿಣೆ ಕೊಟ್ಟಾಗಿದೆ, ಅದೇ ಅವಳ ಪಾಲು ಎನ್ನುವ ಭಾವನೆ ಇತ್ತು. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಒಂದು ಕಾಯ್ದೆ ಅಪರಾಧ ಎಂದು ಹೇಳಿದ್ದನ್ನು ಇನ್ನೊಂದು ಕಾಯ್ದೆ ಲೆಕ್ಕಕ್ಕೆ ಹಿಡಿದುಕೊಂಡಂತಾಯಿತು. ನನಗೆ ಇದು ಇವತ್ತಿಗೂ ಒಪ್ಪಲಾಗದ ಮಾತು.

ಮುಂದೆ 2005. ಸಂಸತ್ತು ಇಡೀ ದೇಶಕ್ಕೆ 1956ರ ಕಾಯ್ದೆಯ 6ನೇ ಕಲಂ ಅನ್ನೇ ಬದಲಾಯಿಸಿತು. ಸೆಪ್ಟೆಂಬರ್ 9ರಿಂದ ಜಾರಿ. ಮಗಳು ಹುಟ್ಟಿನಿಂದ ಪಾಲುದಾರಳು. ಮದುವೆಯ ಷರತ್ತು ಇಲ್ಲ. ವಾಸದ ಮನೆಯ 23ನೇ ಕಲಂ ಕೂಡ ಕಿತ್ತುಹಾಕಿದರು. ಒಂದೇ ಒಂದು ಗಡಿ ಇಟ್ಟರು. ಮಸೂದೆ ರಾಜ್ಯಸಭೆಗೆ ಬಂದ ದಿನ 2004ರ ಡಿಸೆಂಬರ್ 20. ಅದಕ್ಕೆ ಮುಂಚೆ ಆಗಿಹೋದ ಪಾಲು, ಮಾರಾಟ, ಉಯಿಲುಗಳನ್ನು ಮುಟ್ಟುವುದಿಲ್ಲ ಎಂದರು.

ಆಗ ನಮ್ಮ ರಾಜ್ಯದಲ್ಲಿ ಒಂದು ಪ್ರಶ್ನೆ ಎದ್ದಿತು. 1994ರ ನಮ್ಮ ಕಾಯ್ದೆ ಹೇಳುವುದು ಒಂದು, ಕೇಂದ್ರದ್ದು ಹೇಳುವುದು ಇನ್ನೊಂದು. 1993ರಲ್ಲಿ ಮದುವೆಯಾದ ಆ ಅಕ್ಕ ಒಳಗಾ, ಹೊರಗಾ? ಪುಷ್ಪಲತಾ ಪ್ರಕರಣ ಎಂದು ವಕೀಲರು ಕರೆಯುವ ಕೇಸಿನಲ್ಲಿ 2010ರಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠ ಇದನ್ನು ವಿವರವಾಗಿ ನೋಡಿತು. ಕೇಂದ್ರದ ತಿದ್ದುಪಡಿ ಬಂದ ಮೇಲೆ ರಾಜ್ಯದ ಆ ಷರತ್ತು ಉಳಿಯುವುದಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಎಂದಿತು. ಹುಟ್ಟು ಒಂದು ಸಲ ಆಗಿಹೋಗಿದೆ. ಮದುವೆ ಅದನ್ನು ಅಳಿಸುವುದು ಹೇಗೆ?

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಬೆಳಗಾವಿಯಲ್ಲಿ 1992ರಲ್ಲಿ ಒಬ್ಬ ಹೆಣ್ಣುಮಗಳು ಪಾಲಿಗಾಗಿ ದಾವೆ ಹಾಕಿದ್ದರು. ಅವರ ತಂದೆ 1988ರಲ್ಲಿ ತೀರಿಕೊಂಡಿದ್ದರು. ಕೇಸು ನಡೆಯುತ್ತಿರುವಾಗಲೇ 2005ರ ತಿದ್ದುಪಡಿ ಬಂತು. ಹೊಸ ಕಾನೂನಿನ ಪ್ರಕಾರ ಸಮಪಾಲು ಕೊಡಿ ಎಂದರು. ನಮ್ಮ ಹೈಕೋರ್ಟು ಒಪ್ಪಿತು. ಎದುರು ಪಕ್ಷದವರು ಸುಪ್ರೀಂ ಕೋರ್ಟಿಗೆ ಹೋದರು. ಇದೇ ಪ್ರಕಾಶ್ ವಿರುದ್ಧ ಫೂಲಾವತಿ. 2015ರ ಅಕ್ಟೋಬರ್ 16ರಂದು ತೀರ್ಪು ಬಂತು. 2005ರ ಸೆಪ್ಟೆಂಬರ್ 9ರಂದು ತಂದೆಯೂ ಬದುಕಿರಬೇಕು, ಮಗಳೂ ಬದುಕಿರಬೇಕು, ಆಗ ಮಾತ್ರ ಹೊಸ ಹಕ್ಕು ಎಂದಿತು ನ್ಯಾಯಪೀಠ. ದಾವೆ ಹಾಕಿ 23 ವರ್ಷ ಆದ ಮೇಲೆ!

ಆ ತೀರ್ಪು ಬಂದ ಮೇಲೆ ತಾಲ್ಲೂಕು ಕೋರ್ಟುಗಳಲ್ಲಿ ಏನಾಯಿತು ಎನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಪಾಲಿನ ಕೇಸು ಬಂತೆಂದರೆ ಎದುರು ವಕೀಲರು ಮೊದಲು ಕೇಳುತ್ತಿದ್ದದ್ದು ತಂದೆಯ ಮರಣ ಪ್ರಮಾಣಪತ್ರ. ಪಹಣಿ ಆಮೇಲೆ, ವಂಶವೃಕ್ಷ ಆಮೇಲೆ. ಸೆಪ್ಟೆಂಬರ್ 9ಕ್ಕೆ ಮುಂಚೆಯ ತಾರೀಕು ಕಂಡರೆ ಕೇಸು ಅರ್ಧ ಬಿದ್ದಹಾಗೆ. 8ನೇ ತಾರೀಕು ತಂದೆ ತೀರಿಕೊಂಡವಳಿಗೆ ಇಲ್ಲ, 10ನೇ ತಾರೀಕು ತೀರಿಕೊಂಡವಳಿಗೆ ಇದೆ. ಹಳ್ಳಿಗಳಲ್ಲಿ ಎಷ್ಟೋ ಸಾವುಗಳು ನೋಂದಣಿಯೇ ಆಗಿರಲಿಲ್ಲ. ತಂದೆ ಯಾವತ್ತು ತೀರಿಕೊಂಡರು ಎಂದು ಹೇಳಲು ಮಗಳು ಸಾಕ್ಷಿ ಕಟ್ಟೆ ಹತ್ತಬೇಕಾಯಿತು.

ಮೂರು ವರ್ಷ ಕಳೆಯುವುದರೊಳಗೆ ಇನ್ನೊಂದು ತೀರ್ಪು ಬಂತು. ಅದೂ ನಮ್ಮ ರಾಜ್ಯದಿಂದ ಹೋದ ಕೇಸೇ. ದಾನಮ್ಮ ಪ್ರಕರಣ. 2018ರ ಫೆಬ್ರುವರಿ 1. ತಂದೆ 2001ರಲ್ಲಿ ತೀರಿಕೊಂಡಿದ್ದರು. ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. 2002ರಲ್ಲಿ ದಾವೆ ಹಾಕಿದ್ದು ಮೊಮ್ಮಗ. ಅತ್ತೆಯಂದಿರಿಗೆ ಪಾಲಿಲ್ಲ ಎನ್ನಲು ಆತ ಎರಡು ಕಾರಣ ಕೊಟ್ಟ. ಒಂದು, ಅವರು 1956ರ ಕಾಯ್ದೆಗೂ ಮುಂಚೆ ಹುಟ್ಟಿದವರು. ಎರಡು, ಮದುವೆಯಲ್ಲಿ ಅವರಿಗೆ ಬೇಕಾದಷ್ಟು ಕೊಟ್ಟಾಗಿದೆ, ಹಾಗಾಗಿ ಪಾಲು ಬಿಟ್ಟುಕೊಟ್ಟಂತೆಯೇ. ಕೆಳಗಿನ ಕೋರ್ಟು ಪಾಲಿಲ್ಲ ಎಂದಿತು. ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸುಪ್ರೀಂ ಕೋರ್ಟು ತಿರುಗಿಸಿತು. ಕೇಸು ಇನ್ನೂ ನಡೆಯುತ್ತಿರುವಾಗಲೇ ಹೊಸ ಕಾನೂನು ಬಂದಿದೆ, ಅದರ ಲಾಭ ಅವರಿಗೆ ಸಿಗಬೇಕು ಎಂದಿತು. ತಾಯಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ಐದೂ ಜನಕ್ಕೆ ಐದನೇ ಒಂದು ಪಾಲು. ಆ ಮೊಮ್ಮಗನಿಗೆ ತನ್ನ ತಂದೆಯ ಪಾಲಿನಲ್ಲಿ ಐದನೇ ಒಂದು, ಅಂದರೆ ಒಟ್ಟು ಆಸ್ತಿಯಲ್ಲಿ ಇಪ್ಪತ್ತೈದನೇ ಒಂದು.

ಗಮನಿಸಿದಿರಾ? ಆ ತಂದೆ 2005ಕ್ಕೆ ಮುಂಚೆಯೇ ತೀರಿಕೊಂಡಿದ್ದರು. ಫೂಲಾವತಿ ತೀರ್ಪಿನ ಪ್ರಕಾರ ಹೆಣ್ಣುಮಕ್ಕಳಿಗೆ ಸಮಪಾಲು ಬರಬಾರದು. ದಾನಮ್ಮ ತೀರ್ಪಿನ ಪ್ರಕಾರ ಬಂತು. ಎರಡೂ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠದ ತೀರ್ಪುಗಳು. ಎರಡೂ ಕರ್ನಾಟಕದ ಹೆಣ್ಣುಮಕ್ಕಳ ಕೇಸುಗಳು. ಕೆಳಗಿನ ನ್ಯಾಯಾಧೀಶರು ಯಾವುದನ್ನು ಹಿಡಿಯಬೇಕು? ಅಕ್ಕಪಕ್ಕದ ಎರಡು ಕೋರ್ಟ್ ಹಾಲ್‌ನಲ್ಲಿ ಎರಡು ಬಗೆಯ ತೀರ್ಪು ಬರುವ ಸ್ಥಿತಿ ಆಯಿತು.

ಕೊನೆಗೆ ಮೂವರು ನ್ಯಾಯಮೂರ್ತಿಗಳ ಪೀಠದ ಮುಂದೆ ಹೋಯಿತು. ವಿನೀತಾ ಶರ್ಮಾ ಪ್ರಕರಣ, 2020ರ ಆಗಸ್ಟ್ 11. ಕೋವಿಡ್ ಕಾಲ, ತೀರ್ಪು ಬಂದಾಗ ಹೆಚ್ಚಿನವರು ಮನೆಯಲ್ಲೇ ಇದ್ದೆವು. ಆ ಪೀಠದಲ್ಲಿ ನಮ್ಮ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಅಬ್ದುಲ್ ನಜೀರ್ ಕೂಡ ಇದ್ದರು. ಪೀಠ ಹೇಳಿದ್ದು ಸರಳ. ಮಗಳ ಹಕ್ಕು ಹುಟ್ಟಿನಿಂದ ಬರುತ್ತದೆ. ತಂದೆ 2005ರಲ್ಲಿ ಬದುಕಿದ್ದರೇ ಇಲ್ಲವೇ ಎನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಫೂಲಾವತಿ ತೀರ್ಪು ಇನ್ನು ಕಾನೂನಲ್ಲ. ನಾನು ಮೊದಲು ಹೇಳಿದ ‘ಸಾಯುವ ಮುಂಚೆ ಪಾಲಾಗಿತ್ತು’ ಎನ್ನುವುದು ಬರೀ ಲೆಕ್ಕಕ್ಕೆ, ಅದು ನಿಜವಾದ ಪಾಲಲ್ಲ ಎಂದೂ ಹೇಳಿತು. ಹಾಗಾಗಿ ನಮ್ಮ 12 ಎಕರೆ ಮನೆಯಲ್ಲಿ ತಂದೆ 1980ರಲ್ಲೇ ತೀರಿಕೊಂಡಿದ್ದರೂ, ಕುಟುಂಬ ನಿಜವಾಗಿ ಪಾಲಾಗದೆ ಜಮೀನು ಒಟ್ಟಿಗೇ ಉಳಿದಿದ್ದರೆ ಹೆಣ್ಣುಮಕ್ಕಳು ಇವತ್ತು ಪಾಲು ಕೇಳಬಹುದು.

ಇನ್ನೊಂದು ಮುಖ್ಯವಾದ ಮಾತು ಅದೇ ತೀರ್ಪಿನಲ್ಲಿದೆ. ಹಳ್ಳಿಗಳಲ್ಲಿ ಪಾಲಿನ ಕೇಸಿಗೆ ಅಣ್ಣತಮ್ಮಂದಿರು ಕೊಡುವ ಮೊದಲ ಉತ್ತರ, ‘ನಮ್ಮದು ಯಾವಾಗಲೋ ಬಾಯಿಮಾತಿನಲ್ಲಿ ಪಾಲಾಗಿದೆ’. ಊರಿನ ನಾಲ್ಕು ಜನ ಹಿರಿಯರ ಹೆಸರು ಹೇಳುತ್ತಾರೆ. ಅವರಲ್ಲಿ ಮೂವರು ತೀರಿಕೊಂಡಿರುತ್ತಾರೆ. ಸುಮ್ನೆ ಬಾಯಿಮಾತಿನ ಪಾಲನ್ನು ಒಪ್ಪಲು ಆಗದು ಎಂದಿತು ಸುಪ್ರೀಂ ಕೋರ್ಟು. ಕಾಯ್ದೆಯಲ್ಲೇ ಪಾಲು ಎಂದರೆ ನೋಂದಣಿಯಾದ ಪತ್ರ ಅಥವಾ ಕೋರ್ಟಿನ ಡಿಕ್ರಿ ಎಂದಿದೆ. ಬಾಯಿಮಾತಿನದನ್ನು ಒಪ್ಪಬೇಕಾದರೆ ಅದು ತೀರಾ ಅಪರೂಪದ ಸಂದರ್ಭ ಆಗಿರಬೇಕು, ಸರ್ಕಾರಿ ದಾಖಲೆಗಳ ಬಲವಾದ ಆಧಾರ ಇರಬೇಕು.

ಜಮೀನಿನಿಂದ ಸ್ವಲ್ಪ ಆಚೆ ಬರೋಣ. ಮದುವೆಯ ಷರತ್ತು ಆಸ್ತಿಯಲ್ಲಿ ಮಾತ್ರ ಇರಲಿಲ್ಲ. ಸರ್ಕಾರಿ ನೌಕರಿಯಲ್ಲಿರುವಾಗ ತಂದೆಯೋ ತಾಯಿಯೋ ತೀರಿಕೊಂಡರೆ ಅನುಕಂಪದ ಮೇಲೆ ಮಕ್ಕಳಿಗೆ ಕೆಲಸ ಕೊಡುತ್ತಾರೆ, ಗೊತ್ತಲ್ವಾ? ನಮ್ಮ ರಾಜ್ಯದ 1996ರ ನಿಯಮದಲ್ಲಿ ಮಗನಿಗೆ ಮದುವೆಯಾಗಿದ್ದರೂ ಕೊಡಬಹುದು. ಮಗಳಿಗೆ ಮದುವೆ ಆಗಿರಬಾರದು. ಬೆಳಗಾವಿ ಜಿಲ್ಲೆಯಲ್ಲಿ ಎಪಿಎಂಸಿ ಕಾರ್ಯದರ್ಶಿಯಾಗಿದ್ದವರೊಬ್ಬರು ತೀರಿಕೊಂಡರು. ಮಗನಿಗೆ ಆ ಕೆಲಸ ಬೇಡ. ಮಗಳು ಅರ್ಜಿ ಹಾಕಿದರು. ಮದುವೆಯಾಗಿದೆ ಎಂದು ಅರ್ಜಿ ತಿರಸ್ಕಾರ ಆಯಿತು. ಅವರು ಹೈಕೋರ್ಟಿಗೆ ಬಂದರು. 2020ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ನಿಯಮದ ಆ ಭಾಗವನ್ನು ಸಂವಿಧಾನಕ್ಕೆ ವಿರುದ್ಧ ಎಂದು ಹೊಡೆದುಹಾಕಿದರು. ಮರುವರ್ಷ ಸರ್ಕಾರ ನಿಯಮವನ್ನೇ ತಿದ್ದಿತು.

ಅದೇ ನ್ಯಾಯಮೂರ್ತಿಗಳ ಮುಂದೆ 2023ರ ಜನವರಿಯಲ್ಲಿ ತೀರ್ಮಾನವಾದ ಕೇಸು ನನ್ನನ್ನು ಇನ್ನೂ ಜಾಸ್ತಿ ಕಾಡಿತು. ಒಬ್ಬ ಸುಬೇದಾರರು, ಪಾಕಿಸ್ತಾನದ ಗಡಿಯಲ್ಲಿ ಸೇನೆ ಜಮಾಯಿಸಿದ್ದ ಆಪರೇಷನ್ ಪರಾಕ್ರಮದ ಹೊತ್ತಿನಲ್ಲಿ ನೆಲಬಾಂಬು ತೆಗೆಯುವ ಕೆಲಸದಲ್ಲಿ ಪ್ರಾಣ ಕೊಟ್ಟವರು. ಮಗಳು ಬೆಳೆದು ಓದಿ, ಸಹಾಯಕ ಪ್ರಾಧ್ಯಾಪಕಿ ಹುದ್ದೆಗೆ ಮಾಜಿ ಸೈನಿಕರ ಮಕ್ಕಳ ಮೀಸಲಾತಿಯಲ್ಲಿ ಅರ್ಜಿ ಹಾಕಲು ಹೊರಟರು. ಅದಕ್ಕೆ ಗುರುತಿನ ಚೀಟಿ ಬೇಕು. ಮದುವೆಯಾದ ಹೆಣ್ಣುಮಕ್ಕಳಿಗೆ ಚೀಟಿ ಇಲ್ಲ ಎಂದರು. ಗಂಡುಮಕ್ಕಳಿಗಾದರೆ 25 ವರ್ಷದವರೆಗೆ ಮದುವೆಯಾಗಿದ್ದರೂ ಸರಿ, ಆಗದಿದ್ದರೂ ಸರಿ. ಮದುವೆಯಾದ ಮೇಲೂ ಮಗ ಮಗನಾಗಿಯೇ ಉಳಿಯುವುದಾದರೆ, ಮಗಳೂ ಮಗಳಾಗಿಯೇ ಉಳಿಯುತ್ತಾಳೆ ಎಂದು ಹೈಕೋರ್ಟು ಆ ಮಾರ್ಗಸೂಚಿಯನ್ನು ರದ್ದು ಮಾಡಿತು. ತಂದೆ ದೇಶಕ್ಕೆ ಜೀವ ಕೊಟ್ಟದ್ದು ಮಗಳ ಮದುವೆಯಿಂದ ಕಡಿಮೆ ಆಗುತ್ತದಾ ಹೇಳಿ.

ಈಗ ಕೋರ್ಟಿನಿಂದ ಹೊರಗೆ, ನಮ್ಮ ಊರುಗಳಿಗೆ ಬರೋಣ. ಕಾನೂನು ಇಷ್ಟು ದೂರ ಬಂದಿದೆ. ಆದರೆ ಹೆಣ್ಣುಮಕ್ಕಳು ಪಾಲು ಕಳೆದುಕೊಳ್ಳುವುದು ಈಗ ಕೋರ್ಟಿನಲ್ಲಿ ಅಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ.

ಹೇಗೆ ನಡೆಯುತ್ತದೆ ನೋಡಿ. ತಂದೆ ತೀರಿಕೊಳ್ಳುತ್ತಾರೆ. ತಿಥಿಗೆ ಹೆಣ್ಣುಮಕ್ಕಳೆಲ್ಲ ಬಂದಿರುತ್ತಾರೆ. ‘ಮತ್ತೆ ಯಾವಾಗ ಎಲ್ಲರೂ ಸೇರೋದು, ಪೌತಿ ಖಾತೆ ಮಾಡಿಸಬೇಕು, ಒಂದು ಸಹಿ ಹಾಕಿ ಹೋಗಿ’ ಎಂದು ಅಣ್ಣ ಹೇಳುತ್ತಾನೆ. ಕಾರು ಮಾಡಿಕೊಂಡು ಕರೆದುಕೊಂಡು ಹೋಗುತ್ತಾರೆ. ಪತ್ರ ಬರಹಗಾರರು ಎಲ್ಲ ರೆಡಿ ಮಾಡಿ ಇಟ್ಟಿರುತ್ತಾರೆ. ಫೋಟೋ, ಹೆಬ್ಬೆಟ್ಟು, ಸಹಿ. ಒಳಗೆ ‘ಓದಿದ್ದೀರಾ?’ ಎಂದು ಕೇಳಿದರೆ ತಲೆ ಆಡಿಸುತ್ತಾರೆ. ಅದು ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಯ ಕಾಗದ ಅಲ್ಲ, ಹಕ್ಕು ಬಿಡುಗಡೆ ಪತ್ರ, ಅಂದರೆ ನನ್ನ ಪಾಲು ಬಿಟ್ಟುಕೊಟ್ಟಿದ್ದೇನೆ ಎನ್ನುವ ಕಾಗದ. ಪೌತಿ ಖಾತೆಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಅಗತ್ಯವೇ ಇಲ್ಲ, ಅದು ಕಂದಾಯ ಇಲಾಖೆಯ ಕೆಲಸ. ಹೊರಗೆ ಬಂದ ಮೇಲೆ ಹೋಟೆಲಿನಲ್ಲಿ ಊಟ, ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ, ಕೈಗೆ ಸ್ವಲ್ಪ ದುಡ್ಡು. ಬಸ್ಸು ಹತ್ತಿಸಿ ಕಳಿಸುತ್ತಾರೆ.

ಹಾಗಂತ ಬಿಡುಗಡೆ ಪತ್ರವೇ ತಪ್ಪಲ್ಲ. ಅಣ್ಣ ಕಷ್ಟದಲ್ಲಿದ್ದಾನೆ, ನನಗೆ ಬೇಡ ಎಂದು ತಿಳಿದು ಬಿಟ್ಟುಕೊಡುವ ಹೆಣ್ಣುಮಕ್ಕಳು ಇದ್ದಾರೆ. ಅದು ಅವರ ಹಕ್ಕು, ಅವರ ಪ್ರೀತಿ. ಗೊತ್ತಿದ್ದು ಬಿಡಿ, ಗೊತ್ತಿಲ್ಲದೆ ಬಿಡಬೇಡಿ. ಇಷ್ಟೇ ನಾನು ಕೇಳುವುದು. ಕಾಗದದ ಮೊದಲ ಪುಟದಲ್ಲಿ ಏನೆಂದು ಬರೆದಿದೆ ನೋಡಿ. ಕೊನೆಯ ಪುಟದ ಷೆಡ್ಯೂಲಿನಲ್ಲಿ ಯಾವ ಸರ್ವೆ ನಂಬರು, ಎಷ್ಟು ಎಕರೆ ಇದೆ ನೋಡಿ. ಒಂದು ಸೈಟಿಗೆ ಸಹಿ ಎಂದು ಹೇಳಿ ಎಲ್ಲ ಸರ್ವೆ ನಂಬರೂ ಸೇರಿಸಿರುವುದು ಉಂಟು. ಓದಲು ಬರದಿದ್ದರೆ ಮಗಳನ್ನೋ ಮೊಮ್ಮಗನನ್ನೋ ಜೊತೆಗೆ ಕರೆದುಕೊಂಡು ಹೋಗಿ. ಒಂದು ದಿನ ತಡವಾದರೆ ಯಾರ ಜಮೀನೂ ಓಡಿಹೋಗುವುದಿಲ್ಲ.

ಇನ್ನೊಂದು ದಾರಿ ವಂಶವೃಕ್ಷ. ಅಫಿಡವಿಟ್ ಕೊಡುವಾಗ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟುಬಿಡುತ್ತಾರೆ. ಅದರ ಮೇಲೆ ಖಾತೆ ಆಗುತ್ತದೆ, ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಮಾತ್ರ ಬರುತ್ತದೆ. ಇಲ್ಲಿ ಹೆದರಬೇಡಿ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಬರುವುದಿಲ್ಲ, ಹೆಸರು ಇಲ್ಲದ ಮಾತ್ರಕ್ಕೆ ಹೋಗುವುದೂ ಇಲ್ಲ. ಇದನ್ನು ಕೋರ್ಟುಗಳು ಎಷ್ಟೋ ಸಲ ಹೇಳಿವೆ. ಆದರೆ ತಿಳಿದ ಮೇಲೆ ಸುಮ್ಮನೆ ಕೂರಬೇಡಿ. ನಿಮ್ಮನ್ನು ಪಾಲಿನಿಂದ ಹೊರಗಿಟ್ಟಿದ್ದಾರೆ ಎಂದು ಗೊತ್ತಾದ ದಿನದಿಂದ 12 ವರ್ಷದೊಳಗೆ ದಾವೆ ಹಾಕಬೇಕು.

ಅಣ್ಣತಮ್ಮಂದಿರ ಮಾತನ್ನೂ ಕೇಳಬೇಕು. ‘ಅಪ್ಪ ಅಮ್ಮನನ್ನು ನೋಡಿಕೊಂಡದ್ದು ನಾನು, ಬೋರ್‌ವೆಲ್ ಸಾಲ ತೀರಿಸಿದ್ದು ನಾನು, ತಂಗಿಯ ಮದುವೆ ಸಾಲ ಇನ್ನೂ ತೀರಿಲ್ಲ’ ಎನ್ನುತ್ತಾರೆ. ಇದು ಸುಳ್ಳಲ್ಲ. ಊರಿನಲ್ಲಿ ಉಳಿದ ಮಗನ ಬೆನ್ನ ಮೇಲೆ ಭಾರ ಇರುತ್ತದೆ. ಕುಟುಂಬಕ್ಕಾಗಿ ಮಾಡಿದ ನಿಜವಾದ ಸಾಲ ಇದ್ದರೆ ಅದರ ಲೆಕ್ಕವನ್ನೂ ಪಾಲಿನ ಹೊತ್ತಿಗೆ ಮುಂದಿಡಬಹುದು. ಪಾಲುದಾರಳಾದ ಮಗಳಿಗೆ ಹಕ್ಕಿನ ಜೊತೆ ಹೊಣೆಯೂ ಬರುತ್ತದೆ. ಜಮೀನು ತುಂಡಾಗುವುದು ಬೇಡ ಎಂದರೆ ಅವಳ ಪಾಲಿಗೆ ಸರಿಯಾದ ಬೆಲೆ ಕಟ್ಟಿ ದುಡ್ಡು ಕೊಡಿ. ನಾನು ಕಂಡಂತೆ ಎಷ್ಟೋ ಕೇಸುಗಳು ಜಮೀನಿಗಾಗಿ ಶುರುವಾದವಲ್ಲ. ‘ನನ್ನನ್ನು ಒಂದು ಮಾತು ಕೇಳಲಿಲ್ಲ’ ಎನ್ನುವ ನೋವಿನಿಂದ ಶುರುವಾದವು.

ಕೆಲವರು ಚೀಟಿಯಲ್ಲಿ ಪ್ರಶ್ನೆ ಬರೆದು ಕಳಿಸಿದ್ದೀರಿ. ನೋಡುತ್ತೇನೆ.

‘ನಮ್ಮ ತಂದೆ ತಾವೇ ದುಡಿದು ತೆಗೆದುಕೊಂಡ ಮನೆಯನ್ನು ತಮ್ಮನಿಗೆ ಉಯಿಲು ಬರೆದಿದ್ದಾರೆ, ನನಗೆ ಪಾಲು ಬರುತ್ತದಾ?’ ಉಯಿಲು ನಿಜವಾದದ್ದಾಗಿದ್ದರೆ ಬರುವುದಿಲ್ಲ. ಸ್ವಂತ ದುಡಿಮೆಯ ಆಸ್ತಿಯನ್ನು ಯಾರಿಗೆ ಬೇಕಾದರೂ ಕೊಡಬಹುದು. ಉಯಿಲು ಬರೆಯದೆ ತೀರಿಕೊಂಡರೆ ಮಾತ್ರ ಎಲ್ಲ ಮಕ್ಕಳಿಗೂ, ತಾಯಿಗೂ ಸಮ. ಪಿತ್ರಾರ್ಜಿತ ಆಸ್ತಿಯಲ್ಲಾದರೆ ತಂದೆ ತಮ್ಮ ಪಾಲಿಗೆ ಮಾತ್ರ ಉಯಿಲು ಬರೆಯಬಹುದು, ನಿಮ್ಮ ಪಾಲಿಗೆ ಅಲ್ಲ.

‘ನೂರು ರೂಪಾಯಿ ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡಿದ್ದಾರೆ.’ ನೋಂದಣಿ ಮಾಡಿಸಿಲ್ಲ ಅಂದರೆ ಆ ಕಾಗದದಿಂದ ಸ್ಥಿರಾಸ್ತಿಯ ಹಕ್ಕು ಬಿಟ್ಟುಕೊಟ್ಟಂತೆ ಆಗುವುದಿಲ್ಲ. ಆದರೆ ಮೊದಲೇ ಆದ ಪಾಲಿನ ನೆನಪಿಗೆ ಬರೆದ ಪತ್ರ ಎಂದು ಅವರು ವಾದ ಮಾಡಬಹುದು. ಆ ಕಾಗದದ ಜೆರಾಕ್ಸ್ ಹಿಡಿದು ವಕೀಲರನ್ನು ನೋಡಿ.

‘ನಾವು ಕ್ರಿಶ್ಚಿಯನ್ನರು, ಇದು ನಮಗೂ ಬರುತ್ತದಾ?’ ಇಲ್ಲ. ನಾನು ಹೇಳಿದ ಆಸ್ತಿಯ ಕಾನೂನು ಹಿಂದೂಗಳಿಗೆ, ಜೊತೆಗೆ ಜೈನರು, ಬೌದ್ಧರು, ಸಿಖ್ಖರಿಗೆ. ಲಿಂಗಾಯತರಿಗೂ ಇದೇ. ಕ್ರಿಶ್ಚಿಯನ್ನರಿಗೆ, ಮುಸ್ಲಿಮರಿಗೆ ಬೇರೆ ಕಾನೂನು ಇದೆ.

ಕೊನೆಯ ಚೀಟಿ. ‘ನಾನು ರಿಜಿಸ್ಟರ್ ಆದ ಬಿಡುಗಡೆ ಪತ್ರಕ್ಕೆ ಸಹಿ ಹಾಕಿಬಿಟ್ಟಿದ್ದೇನೆ. ಖಾತೆಗೆ ಅಂತ ಹೇಳಿದ್ದರು. ಈಗ ಏನು ಮಾಡಲಿ?’ ತಿಳಿದು ಮಾಡಿದ ಬಿಡುಗಡೆ ಆಗಿದ್ದರೆ ಅದಕ್ಕೆ ನೀವು ಬದ್ಧರು. ಮೋಸದಿಂದಲೋ ಒತ್ತಾಯದಿಂದಲೋ ಆಗಿದ್ದರೆ ರದ್ದು ಮಾಡಿಸಲು ದಾವೆ ಹಾಕಬಹುದು. ಮೋಸ ಗೊತ್ತಾದ ದಿನದಿಂದ ಮೂರು ವರ್ಷ ಮಾತ್ರ ಅವಕಾಶ. ಹಾಗಾಗಿ ದಿನ ತಳ್ಳಬೇಡಿ. ಆ ಪತ್ರದ ದೃಢೀಕೃತ ನಕಲನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತೆಗೆದುಕೊಳ್ಳಿ, ಪಹಣಿ ತೆಗೆಸಿ. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಹಿಂದೆ ಸರಿಯಬೇಡಿ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ. ನಿಮ್ಮ ತಾಲ್ಲೂಕಿನ ಕೋರ್ಟಿಗೆ ಹೋಗಿ ‘ಕಾನೂನು ಸೇವಾ ಸಮಿತಿ ಎಲ್ಲಿದೆ’ ಎಂದು ಕೇಳಿ, ಯಾರಾದರೂ ತೋರಿಸುತ್ತಾರೆ. ಅಥವಾ 15100ಕ್ಕೆ ಫೋನ್ ಮಾಡಿ. ಈ ಚೀಟಿ ಬರೆದವರು ಇಲ್ಲೇ ಇದ್ದರೆ, ಕಾರ್ಯಕ್ರಮ ಮುಗಿದ ಮೇಲೆ ಹೋಗಬೇಡಿ, ನಾನು ಇರುತ್ತೇನೆ.